ಷರಾ ಕಾಲಮ್ಮಿನ ಮಾವ

ಪಂಪು ತಯಾರಿಸುವ ಆ ಕಾರ್ಖಾನೆಯ ಉಗ್ರಾಣಕ್ಕೆ ಒಂದು ಕಿಟಕಿ, ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷಗಳಿಂದ ಒಬ್ಬನೇ ಮನುಷ್ಯ. ಎಲ್ಲರ ಬಾಯಲ್ಲೂ ಆತ ಮಾವ. ಬೋಲ್ಟು ಕೇಳಲು ಬಂದವರಿಗೆ ಬೋಲ್ಟಿನ ಜೊತೆ ಕಾಲೆಳೆತ ಪುಕ್ಕಟೆ. ಲೇತಿನವನ ಹೆಂಡತಿ ಮುನಿಸಿಕೊಂಡದ್ದು, ವೆಲ್ಡರನ ಮಗಳು ಪಾಸಾದದ್ದು, ಎಲ್ಲವೂ ಮೊದಲು ಗೊತ್ತಾಗುತ್ತಿದ್ದುದು ಅಲ್ಲೇ.

ಅಂಥ ಕಿಟಕಿಗೆ ಹಲಗೆ ಬಡಿದುಬಿಟ್ಟರು! ಹೊಸ ಸಾಫ್ಟ್‌ವೇರ್ ಬಂದಿತ್ತು. ಇನ್ನು ಮೇಲೆ ಕೆಲಸಗಾರರು ತಮ್ಮ ಯಂತ್ರದ ಪಕ್ಕದ ಪರದೆಯಲ್ಲೇ ಸಾಮಾನು ಕೇಳಬೇಕು, ಮಾವ ಒಳಗಿನಿಂದ ತಳ್ಳುಗಾಡಿಯಲ್ಲಿ ಕಳಿಸಬೇಕು. ಮಾವನಿಗೆ ಹೊಟ್ಟೆ ಉರಿದುಹೋಯಿತು. ಮನುಷ್ಯರ ಮುಖ ನೋಡದೆ ನಟ್ಟುಗಳ ನಡುವೆ ಕೂತು ಮಾಡುವುದೇನು, ಮಣ್ಣು?

ಕೆಲಸಗಾರರೂ ಪರದೆ ಮುಟ್ಟಲಿಲ್ಲ. ಹಲಗೆಯ ಸಂದಿಗೆ ಬಾಯಿಟ್ಟು "ಮಾವಾ, ಒಂದು ಬೇರಿಂಗು!" ಎಂದು ಕೂಗುತ್ತಿದ್ದರು. ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ಕೂತ. ಸಾಫ್ಟ್‌ವೇರ್ ಕಲಿಸಲು ಬಂದಿದ್ದ ಹುಡುಗಿ ಮಾತ್ರ ಮಾವನನ್ನು ಪುಸಲಾಯಿಸಿದಳು. "ಇಲ್ನೋಡಿ ಮಾವ, ಷರಾ ಅಂತ ಒಂದು ಕಾಲಮ್ ಇದೆ. ಇದರಲ್ಲಿ ನೀವು ಏನು ಬೇಕಾದ್ರೂ ಬರೀಬಹುದು."

ಏನು ಬೇಕಾದರೂ! ಹೇಳಬಾರದಿತ್ತು ತಾಯಿ.

ಲೇತಿನವನು ಸಂದಿಯಲ್ಲಿ ಕೂಗಿ ಕೇಳಿದ ಬೇರಿಂಗನ್ನು ಮಾವ ತಾನೇ ದಾಖಲಿಸಿ, ಷರಾ ಬರೆದ: "ಹೋದ ವಾರಾನೂ ಒಂದು ತಗೊಂಡೆ. ಬೇರಿಂಗ್ ತಿಂತೀಯೇನಯ್ಯಾ? ಮನೇಲಿ ಊಟ ಹಾಕ್ತಿಲ್ವಾ?"

ತನ್ನ ಪರದೆಯ ಮೇಲೆ ಅದನ್ನು ಓದಿದ ಲೇತಿನವನಿಗೆ ಉತ್ತರ ಕೊಡದೆ ತಡೆಯಲಾಗಲಿಲ್ಲ. ಆದರೆ ಏನಾದರೊಂದು ಸಾಮಾನು ಕೇಳದೆ ಷರಾ ಬರೆಯಲು ಸಾಫ್ಟ್‌ವೇರ್ ಬಿಡದು. ಒಂದು ವಾಷರ್ ಕೇಳಿ ಬರೆದ: "ಅವಳು ತವರಿಗೆ ಹೋಗಿದಾಳೆ ಮಾವ. ನಿಮ್ಮನೇಲಿ ಇವತ್ತೇನು ಅಡುಗೆ?"

ವಾರದೊಳಗೆ ಇಡೀ ಕಾರ್ಖಾನೆಗೆ ಹುಚ್ಚು ಹಿಡಿಯಿತು. ವಾಷರ್ ಮೇಲೆ ವಾಷರ್! ನೂರಕ್ಕೆ ನೂರು ಜನ ಸಾಫ್ಟ್‌ವೇರ್ ಬಳಸುತ್ತಿದ್ದಾರೆಂದು ಮ್ಯಾನೇಜರ್ ಹಿರಿಹಿರಿ ಹಿಗ್ಗಿದ. ಹಿಗ್ಗು ಇಳಿದದ್ದು ವಾಷರ್ ತುಂಬಿದ ಲಾರಿ ಗೇಟಿಗೆ ಬಂದಾಗ. ದಾಸ್ತಾನು ಮುಗಿಯಿತೆಂದು ಸಾಫ್ಟ್‌ವೇರ್ ತಾನಾಗಿಯೇ ತರಿಸಿತ್ತು. ಮ್ಯಾನೇಜರ್ ಕೂತು ಷರಾಗಳನ್ನೆಲ್ಲ ಓದಿದ. ತನ್ನನ್ನು ಎಲ್ಲರೂ ಗುಮ್ಮ ಎನ್ನುತ್ತಾರೆಂಬುದೂ ಆಗಲೇ ತಿಳಿದದ್ದು.

"ಸೋಮವಾರದಿಂದ ಷರಾ ಬಂದ್," ಎಂದ, ಮಾವನ ಮುಖ ನೋಡದೆ.

ಕಿಟಕಿ ಹೋಯಿತು, ಈಗ ಇದೂ. ಭಾನುವಾರವಿಡೀ ಮಾವ ಹೆಂಡತಿಯ ಮೇಲೆ ಸಿಡುಕಿದ. "ನನ್ನ ಮೇಲೆ ಯಾಕ್ರೀ ಹಾರಾಡ್ತೀರಿ? ಆ ಗುಮ್ಮನ ಹತ್ರ ಹೋಗಿ ಹೇಳಿ," ಎಂದಳು ಆಕೆ.

ಸೋಮವಾರ ಹೆದರುತ್ತಲೇ ಪರದೆ ತೆರೆದರೆ, ಷರಾ ಕಾಲಮ್ ಇನ್ನೂ ಅಲ್ಲೇ ಇದೆ! ಎಲ್ಲಕ್ಕಿಂತ ಮೇಲೆ ಮ್ಯಾನೇಜರ್ ಕೋಣೆಯಿಂದ ಒಂದು ಬೇಡಿಕೆ. ವಾಷರ್, ಒಂದು. ಷರಾ: "ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಊಟಕ್ಕೆ ಒಬ್ಬರೂ ಕರೆದಿಲ್ಲ. ನಿಮ್ಮ ಜೊತೆ ಕೂರಬಹುದಾ ಮಾವ?"

ಮಾವ ಎರಡು ಸಲ ಓದಿದ. ಕನ್ನಡಕ ಒರೆಸಿಕೊಂಡ. ಆಮೇಲೆ ಒಂದೇ ಬೆರಳಲ್ಲಿ ಕುಟ್ಟಿದ: "ವಾಷರ್ ಕಳಿಸಿದೀನಿ. ಒಂದು ಗಂಟೆಗೆ ಬನ್ನಿ. ಬರುವಾಗ ಅದನ್ನ ವಾಪಸ್ ತನ್ನಿ."