ಆರುನೂರ ನಲವತ್ತು ಬೆಡ್‌ಶೀಟು, ಎಂಟು ಆಟ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ಆಗಲೇ ಬಿಸಿಯೇರಿದೆ. ಅದರ ಉರುಳೆಗಳ ನಡುವಿನಿಂದ ಹೊರಬರುವ ಬೆಡ್‌ಶೀಟಿನ ಎರಡು ಮೂಲೆಗಳನ್ನು ಚೆಕ್ ಅಕ್ಕ ಹಿಡಿಯುತ್ತಾರೆ, ಇನ್ನೆರಡನ್ನು ಎದುರಿಗೆ ನಿಂತ ಜೊತೆಗಾರ್ತಿ. ಕೊಡವಿ, ಜಗ್ಗಿ, ಮಧ್ಯಕ್ಕೆ ಮಡಚಿ, ಇಬ್ಬರೂ ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸುವಾಗ ಚೆಕ್ ಅಕ್ಕ ಮೆಲ್ಲಗೆ ಹೇಳುತ್ತಾರೆ: "ಕುದುರೆ, ಎಫ್ ಮೂರು."

ಜೊತೆಗಾರ್ತಿ ಅದನ್ನು ಗಾಡಿಗಿಟ್ಟು ಮುಂದಿನದನ್ನು ಎಳೆಯುತ್ತಾಳೆ. ಅದು ಮಡಚಿ ಮುಗಿಯುವ ಹೊತ್ತಿಗೆ ಅವಳ ಉತ್ತರ ಸಿದ್ಧ. "ನನ್ನ ಕುದುರೆನೂ ಬಂತು ಅಕ್ಕ. ಸಿ ಆರು."

ಹಲಗೆಯಿಲ್ಲ, ಕಾಯಿಗಳಿಲ್ಲ. ಚದುರಂಗವೆಲ್ಲ ಇಬ್ಬರ ತಲೆಯೊಳಗೇ. ಒಂದು ಬೆಡ್‌ಶೀಟಿಗೆ ಒಂದು ನಡೆ. ಪಾಳಿಗೆ ಆರುನೂರ ನಲವತ್ತು ಬೆಡ್‌ಶೀಟು, ಎಂಬತ್ತಕ್ಕೊಂದು ಆಟ ಮುಗಿದರೆ ದಿನಕ್ಕೆ ಎಂಟು ಆಟ. ಇವರಿಬ್ಬರು ಏನೋ ಪಿತೂರಿ ನಡೆಸುತ್ತಿದ್ದಾರೆಂದು ಮೇಲ್ವಿಚಾರಕರು ಮೊದಮೊದಲು ಕಣ್ಣಿಟ್ಟಿದ್ದರಂತೆ. ಈಗ ಅವರೇ ಬಂದು ಯಾರು ಮುಂದಿದ್ದೀರಿ ಎಂದು ಕೇಳಿಕೊಂಡು ಹೋಗುತ್ತಾರೆ.

"ಹದಿನಾಲ್ಕು ವರ್ಷದಿಂದ ಅಕ್ಕನೇ ಮುಂದೆ," ಎನ್ನುತ್ತಾಳೆ ಜೊತೆಗಾರ್ತಿ. "ನಾನು ಗೆದ್ದಿದ್ದು ಎರಡೇ ಸಲ. ಎರಡು ಸಲಾನೂ ಅಕ್ಕಂಗೆ ಜ್ವರ ಇತ್ತು."

ಚೆಕ್ ಅಕ್ಕ ಎಂಬುದು, ಎದುರಾಳಿಯ ರಾಜನಿಗೆ ಸದಾ 'ಚೆಕ್' ಕೊಡುತ್ತಾರೆಂದು ಲಾಂಡ್ರಿಯವರು ಇಟ್ಟ ಹೆಸರು. ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಇವರ ನಿಜವಾದ ಹೆಸರು ಬಳಕೆಯಲ್ಲಿಲ್ಲ. ವಯಸ್ಸು ನಲವತ್ತಾರು. ಚಿಕ್ಕಂದಿನಲ್ಲಿ ಸೋದರಮಾವ ಕಾಯಿಗಳ ನಡಿಗೆ ಹೇಳಿಕೊಟ್ಟಿದ್ದರು, ಅಷ್ಟೇ. ಒಗೆಯಲು ಬಂದ ಡಾಕ್ಟರ ಕೋಟಿನ ಜೇಬಿನಲ್ಲಿ ಚದುರಂಗದ ಸಮಸ್ಯೆಗಳ ಪುಟ್ಟ ಪುಸ್ತಕವೊಂದು ಸಿಕ್ಕಾಗ ಇವರಿಗೆ ಇಪ್ಪತ್ತೊಂಬತ್ತು. ಪುಸ್ತಕವನ್ನು ಕಚೇರಿಗೆ ಕೊಟ್ಟರು. ಮೂರು ತಿಂಗಳಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಗುಮಾಸ್ತರು ವಾಪಸ್ ಇವರ ಕೈಗೇ ಹಾಕಿದರು. ಇಂದಿಗೂ ಅದು ಇವರ ಊಟದ ಚೀಲದಲ್ಲಿದೆ.

ಊರಿನ ಪಂದ್ಯ, ಆಮೇಲೆ ರಾಷ್ಟ್ರದ ಪಂದ್ಯ. ಅಲ್ಲಿಯವರೆಗೆ ಹೇಗೋ ನಡೆಯಿತು. ಕಷ್ಟ ಶುರುವಾದದ್ದು ಅಂತರರಾಷ್ಟ್ರೀಯ ಚದುರಂಗದ ಬಿರುದಿನ ಆಸೆ ಹುಟ್ಟಿದ ಮೇಲೆ. ಬಿರುದು ಬೇಕಾದರೆ ಮೂರು ದೊಡ್ಡ ಪಂದ್ಯಾವಳಿಗಳಲ್ಲಿ ನಿಗದಿಯಾದಷ್ಟು ಅಂಕ ಗಳಿಸಬೇಕು, ಎದುರಾಳಿಗಳಲ್ಲಿ ಹಲವರು ಬೇರೆ ಬೇರೆ ದೇಶದವರಾಗಿರಬೇಕು. ಅಂಥವರು ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಇವರೇ ಹೋಗಬೇಕು. ಮೊದಲ ಎರಡು ಸಲ ಹೋದಾಗಲೂ ಅಂಕ ತಂದಿದ್ದಾರೆ. ಬಾಕಿ ಇರುವುದು ಒಂದೇ.

ಆ ಒಂದರ ಬೆಲೆ ಕೇಳಿ. ಪಂದ್ಯ ನಡೆಸುವ ದೇಶದ ಆಟಗಾರರು ಕೊಡುವ ಪ್ರವೇಶ ಶುಲ್ಕ ಇವರ ನಾಲ್ಕು ದಿನದ ಸಂಬಳದಷ್ಟು. ಹೊರದೇಶದವರಿಗಾದರೆ ಹದಿನೆಂಟು ದಿನದ್ದು. ರೇಟಿಂಗ್ ಕಡಿಮೆಯಿದ್ದರೆ ಅದರ ಮೇಲಿಷ್ಟು. ಸಂಘಟಕರು ಹೇಳಿದ ಹೋಟೆಲಿನಲ್ಲೇ ತಂಗಬೇಕು, ಇಲ್ಲವಾದರೆ ಹೊರಗೆ ತಂಗಿದ್ದಕ್ಕೂ ಶುಲ್ಕ. ವೀಸಾ, ವಿಮಾನ ಎಲ್ಲ ಸೇರಿಸಿದರೆ ವರ್ಷದಲ್ಲಿ ನಾಲ್ಕು ತಿಂಗಳು ಇವರು ಬೆಡ್‌ಶೀಟು ಮಡಚುವುದು ಒಂಬತ್ತು ದಿನ ಒಂದು ಕುರ್ಚಿಯಲ್ಲಿ ಕೂರುವುದಕ್ಕೆ. ಅದೇ ಪಂದ್ಯಕ್ಕೆ ದೊಡ್ಡ ಬಿರುದು ಇದ್ದವರು ಬಂದರೆ ಪ್ರವೇಶವೂ ಉಚಿತ, ಕೋಣೆಯೂ ಉಚಿತ. ಗೆದ್ದವರಿಗೆ ಬಿಟ್ಟಿ, ಗೆಲ್ಲಬೇಕಾದವರಿಗೆ ಬರೆ. ಈ ಲೆಕ್ಕ ಬರೆದ ಪುಣ್ಯಾತ್ಮರು ಯಾರೋ, ಅವರು ಒಂದು ದಿನವಾದರೂ ಸ್ವಂತ ದುಡ್ಡಿನಲ್ಲಿ ಆಡಿದ್ದಾರೆಂದು ನಂಬುವುದು ಕಷ್ಟ.

"ಅಷ್ಟು ದುಡ್ಡು ಸುರಿದ ರೂಮಲ್ಲಿ ಬೆಡ್‌ಶೀಟು ಸುಕ್ಕು ಕಣ್ರೀ!" ಚೆಕ್ ಅಕ್ಕನಿಗೆ ಈಗಲೂ ಅದೇ ಸಿಟ್ಟು. "ಎಲ್ಲ ಕಿತ್ತು ನಾನೇ ಮತ್ತೆ ಹಾಸಿದೆ. ಆಮೇಲೇ ಮಲಗಿದ್ದು."

ಬೇಡವೆಂದವರು ಒಬ್ಬಿಬ್ಬರಲ್ಲ. ಚದುರಂಗ ಸಂಘದ ಕಾರ್ಯದರ್ಶಿ ಕೂರಿಸಿಕೊಂಡು ಬುದ್ಧಿ ಹೇಳಿದರಂತೆ: "ಈ ವಯಸ್ಸಲ್ಲಿ ಬಿರುದು ತಗೊಂಡು ಏನ್ಮಾಡ್ತೀರಮ್ಮ? ಇಲ್ಲೇ ಆಡ್ಕೊಂಡಿರಿ."

"ನನ್ನ ವಯಸ್ಸು ನಿಮಗೆ ಗೊತ್ತು ಸಾರ್, ಕಾಯಿಗೆ ಗೊತ್ತಿಲ್ಲ ಅಂದೆ."

ಮೈದುನನದು ಇನ್ನೊಂದು ರಾಗ. "ಅತ್ತಿಗೆ, ಆ ದುಡ್ಡಲ್ಲಿ ಹೊಸಾ ಸ್ಕೂಟರ್ ಬರ್ತಿತ್ತು."

"ನಾನು ಹೋಗ್ಬೇಕಾದ ಕಡೆಗೆ ಸ್ಕೂಟರ್ ಹೋಗಲ್ಲಪ್ಪ," ಎಂದು ಇವರು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರಂತೆ. ಬಸ್ ಓಡಿಸುವ ಗಂಡ ಮಾತ್ರ ಪರವೂ ಇಲ್ಲ, ವಿರೋಧವೂ ಇಲ್ಲ. ಹೊರಡುವ ದಿನ ಸೂಟ್‌ಕೇಸಿನ ಚಕ್ರಕ್ಕೆ ಎಣ್ಣೆ ಬಿಡುತ್ತಾರೆ. ಅವರ ಅಭಿಪ್ರಾಯ ಅಷ್ಟರಲ್ಲೇ ತಿಳಿದುಕೊಳ್ಳಬೇಕು.

ಹಾಗೆ ನೋಡಿದರೆ ಈ ಬಿರುದು ಹೋದ ವರ್ಷವೇ ಬರಬೇಕಿತ್ತು. ಮೂರನೆಯ ಸಲ ಹೋದ ಪಂದ್ಯಾವಳಿಯ ಕೊನೆಯ ಸುತ್ತು. ಡ್ರಾ ಆದರೂ ಸಾಕು, ಅಂಕ ಕೈಗೆ. ಇಪ್ಪತ್ತೇಳನೆಯ ನಡೆಯವರೆಗೆ ಎಲ್ಲವೂ ಸರಿಯಿತ್ತು. ಎದುರಿಗೆ ಕೂತಿದ್ದ ಕನ್ನಡಕದ ಹೆಂಗಸು ತನ್ನ ಒಂಟೆಯನ್ನು ಮನೆಯ ಗೆರೆಯ ಮೇಲೆ ಸೊಟ್ಟಗೆ ಇಟ್ಟಳು. ಚೆಕ್ ಅಕ್ಕನ ಬಲಗೈ ತಾನಾಗೇ ಹೋಯಿತು. ಒಂಟೆಯನ್ನು ಹಿಡಿದು ಮನೆಯ ನಟ್ಟನಡುವೆ ನೆಟ್ಟಗೆ ನಿಲ್ಲಿಸಿತು.

ಕನ್ನಡಕದ ಹೆಂಗಸು ಕೈಯೆತ್ತಿದಳು. ತೀರ್ಪುಗಾರರು ಬಂದರು. ನಿಯಮ ನಿಯಮವೇ: ಸರಿ ಮಾಡುತ್ತೇನೆಂದು ಮೊದಲೇ ಹೇಳದೆ ಎದುರಾಳಿಯ ಕಾಯಿ ಮುಟ್ಟಿದರೆ ಅದನ್ನು ಹೊಡೆಯಲೇಬೇಕು. ಹೊಡೆಯಲು ಆಗುತ್ತಿದ್ದದ್ದು ಮಂತ್ರಿಯೊಂದರಿಂದಲೇ, ಆ ಒಂಟೆಗೆ ಕಾಲಾಳಿನ ಕಾವಲಿತ್ತು. ಒಂಟೆ ಹೋಯಿತು, ಅದರ ಹಿಂದೆಯೇ ಮಂತ್ರಿ ಹೋಯಿತು, ಆಟ ಹೋಯಿತು. ಅರ್ಧ ಅಂಕದಲ್ಲಿ ನಾಲ್ಕು ತಿಂಗಳ ದುಡಿಮೆ ನೀರುಪಾಲು.

"ಲಾಂಡ್ರಿಯಲ್ಲಿ ನಾವು ಆಡೋದು ತಲೆಯೊಳಗೆ. ಅಲ್ಲಿ ಕಾಯಿ ಸೊಟ್ಟ ಕೂರೋದೇ ಇಲ್ವಲ್ಲ," ಎನ್ನುತ್ತಾರೆ ಚೆಕ್ ಅಕ್ಕ. "ಇಪ್ಪತ್ತು ವರ್ಷದಿಂದ ಕಂಡಿದ್ದೆಲ್ಲ ನೆಟ್ಟಗೆ ಮಾಡಿದ ಕೈ ಇದು. ಯಾರ ಪರ್ಮಿಶನ್ನೂ ಕೇಳಿ ಅಭ್ಯಾಸ ಇಲ್ಲ."

ಅತ್ತಿರಾ ಎಂದರೆ ಮುಚ್ಚಿಡುವುದಿಲ್ಲ. "ಅತ್ತೆ. ಹೋಟೆಲ್ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಚೆನ್ನಾಗಿ ಅತ್ತೆ. ಮುಖ ತೊಳ್ಕೊಂಡು ಕೆಳಗೆ ಬಂದು, ಮುಂದಿನ ವರ್ಷದ ಅರ್ಜಿ ಯಾವಾಗ ಕೊಡ್ತೀರಿ ಅಂತ ಸಂಘಟಕರನ್ನ ಕೇಳ್ದೆ."

ಈ ವರ್ಷ ಹೊಸ ತಾಲೀಮು ನಡೆದಿದೆ. ಊಟದ ಬಿಡುವಿನಲ್ಲಿ ಜೊತೆಗಾರ್ತಿ ನಿಜವಾದ ಹಲಗೆ ಹಾಸಿ ಕಾಯಿಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಜೋಡಿಸುತ್ತಾಳೆ. ಕುದುರೆಗಳ ಮುಖ ಹಿಂದಕ್ಕೆ, ಕಾಲಾಳುಗಳು ಗೆರೆಯ ಮೇಲೆ. ರಾಜನ ಅಡಿಗೆ ಒಂದು ಗುಂಡಿ ಸಿಕ್ಕಿಸಿ ಓಲುವಂತೆ ಮಾಡಿರುತ್ತಾಳೆ. ಚೆಕ್ ಅಕ್ಕ ಬಲಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಎಡಗೈಯಲ್ಲಿ ಆಡುತ್ತಾರೆ. ತಪ್ಪಿ ಕೈ ಹೋದರೆ ಗೆಣ್ಣಿಗೆ ಚಮಚದ ಏಟು. ಮೊದಲ ವಾರ ಅರ್ಧ ಗಂಟೆಗೆ ಹನ್ನೊಂದು ಏಟು ಬಿದ್ದಿತ್ತು. ಈ ವಾರ ಒಂದೂ ಇಲ್ಲ.

"ಹೊಡೆಯೋಕೆ ಅವಕಾಶಾನೇ ಕೊಡ್ತಿಲ್ಲ," ಎಂದು ಜೊತೆಗಾರ್ತಿಗೆ ಬೇಸರ.

ಹಾಗಂತ ಕೆಲಸದಲ್ಲಿ ಆ ಅಭ್ಯಾಸ ಬಿಡುವಂತಿಲ್ಲ. ಗಾಡಿಗೆ ಹೋಗುವ ಮುನ್ನ ಪ್ರತಿ ಬೆಡ್‌ಶೀಟಿನ ಮೇಲೂ ಚೆಕ್ ಅಕ್ಕನ ಅಂಗೈ ಒಮ್ಮೆ ಓಡುತ್ತದೆ. "ಇಲ್ಲಿ ಸುಕ್ಕು ಬಿಟ್ರೆ ಮೇಲೆ ಮಲಗಿರೋ ಯಾರದೋ ಬೆನ್ನು ಹುಣ್ಣಾಗುತ್ತೆ. ಅಲ್ಲಿ ಸರಿ ಮಾಡಿದ್ರೆ ನನ್ನ ಮಂತ್ರಿ ಹೋಗುತ್ತೆ. ಎರಡಕ್ಕೂ ಇರೋದು ಇದೊಂದೇ ಕೈ. ಅದಕ್ಕೆ ಬುದ್ಧಿ ಕಲಿಸ್ತಿದೀನಿ."

ಮುಂದಿನ ತಿಂಗಳು ಪಂದ್ಯ. ಅರ್ಜಿ ಹೋಗಿದೆ, ಶುಲ್ಕ ಪೂರ್ತಿ ಕಟ್ಟಿಯಾಗಿದೆ. ರಿಯಾಯಿತಿ ಕೇಳಿ ಪತ್ರ ಬರೆಯಿರಿ ಎಂದು ಕಾರ್ಯದರ್ಶಿ ಸಲಹೆ ಕೊಟ್ಟಿದ್ದರಂತೆ, ಇವರು ಬರೆಯಲಿಲ್ಲ. ಈ ಸಲವೂ ಅಂಕ ಬರದಿದ್ದರೆ ಎಂದು ಕೇಳಿದರೆ ಚೆಕ್ ಅಕ್ಕ ನಮ್ಮನ್ನು ಕರುಣೆಯಿಂದ ನೋಡುತ್ತಾರೆ. "ಬರದಿದ್ರೆ ಇನ್ನೊಂದ್ಸಲ ಹೋಗ್ತೀನಿ. ರೋಗಿಗಳು ಬರೋದು ನಿಲ್ಲುತ್ತಾ? ಬೆಡ್‌ಶೀಟು ಒಗೆಯೋದು ನಿಲ್ಲುತ್ತಾ?"

ಬಿರುದು ಬಂದರೆ ಶುಲ್ಕದ ಕಾಟ ತಪ್ಪುತ್ತದಲ್ಲ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಈ ಬಿರುದಿಗೆ ಎಲ್ಲ ಕಡೆ ಉಚಿತವಿಲ್ಲ, ಕೆಲವು ಕಡೆ ಅರ್ಧ ಅಷ್ಟೇ. ಅದು ಇವರಿಗೆ ಮೊದಲಿನಿಂದ ಗೊತ್ತು. ಆದರೆ ಬಿರುದು ಪಡೆದವರಿಗೆ ಸಂಘಟಕರು ತಾವಾಗಿಯೇ ಆಹ್ವಾನ ಕಳಿಸುವ ಪದ್ಧತಿಯಿದೆ.

"ನಂಗೆ ಬಿಟ್ಟಿ ಏನೂ ಬೇಡ," ಎನ್ನುತ್ತಾ ಚೆಕ್ ಅಕ್ಕ ಯಂತ್ರದಿಂದ ಇಳಿದ ಬಿಸಿ ಬೆಡ್‌ಶೀಟಿನ ಮೂಲೆ ಹಿಡಿಯುತ್ತಾರೆ. "ಒಂದೇ ಒಂದ್ಸಲ, ದಯವಿಟ್ಟು ನಮ್ಮಲ್ಲಿಗೆ ಬಂದು ಆಡಿ ಅಂತ ಅವರೇ ಬರೀಬೇಕು. ಆಗ ನಾನು ಉತ್ತರ ಬರೀತೀನಿ, ನೋಡೋಣ, ರಜೆ ಸಿಕ್ಕಿದ್ರೆ ಬರ್ತೀನಿ ಅಂತ."