ಸೆಲ್ ತೆಗೆದಿಟ್ಟ ಫ್ಲಾಶ್‌ಗನ್ನು, ನನ್ನ ಹೊಸ ಕೆಪಾಸಿಟರ್ ಮೀಟರು

'ಪಟ್' ಅಂತ ಸದ್ದು ಕೇಳಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ನಾನು ಸ್ಟೂಲಿನ ಮೇಲೆ ಇರಲಿಲ್ಲ, ನೆಲದ ಮೇಲಿದ್ದೆ. ದವಡೆ ಬಿಗಿದುಕೊಂಡಿತ್ತು. ಕೈ ಎರಡೂ ಇವೆಯೋ ಇಲ್ಲವೋ ಗೊತ್ತಾಗ್ತಾ ಇಲ್ಲ...

ಎದುರಿಗೆ ಫೋಟೋ ಸ್ಟುಡಿಯೋದ ಖಾದರ್ ಭಾಯಿ ನಿಂತು "ಅಕ್ಕೋರೇ, ಅಕ್ಕೋರೇ" ಅಂತ ಕೂಗ್ತಿದ್ದರು.

ಇದು ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಆಗ ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಮನೆಗೆ ಬಂದರೆ ಸೋಲ್ಡರಿಂಗ್ ಐರನ್ನು, ಹಳೇ ರೇಡಿಯೋ, ಹಾಡಿಗಿಂತ ಗುಂಯ್‌ಗುಡೋದೇ ಜಾಸ್ತಿ ಇದ್ದ ನನ್ನ ಸ್ವಂತ ಆಂಪ್ಲಿಫೈಯರು.

ಗುಂಯ್ ಅನ್ನೋದಕ್ಕೆ ಒಳಗೆ ಕರೆಂಟು ತುಂಬಿಟ್ಟುಕೊಳ್ಳೋ ಕೆಪಾಸಿಟರೇ ಕಾರಣ ಅಂತ ಓದಿದ್ದೆ. ಆದರೆ ಯಾವುದು ಚೆನ್ನಾಗಿದೆ, ಯಾವುದು ಹೋಗಿದೆ ಅಂತ ನೋಡೋಕೆ ಮೀಟರ್ ಬೇಕಲ್ಲ?

ಯಲ್ಲಾಪುರದ ಹತ್ತಿರ ಉಮ್ಮಚಗಿಯಲ್ಲಿ ನನ್ನ ಸೋದರಮಾವ ಇದ್ದಾನೆ. ಎಷ್ಟೋ ವರ್ಷದಿಂದ ರೇಡಿಯೋ ರಿಪೇರಿ. ಅವನ ಹತ್ತಿರ ಮುಳ್ಳಿನ ಮೀಟರ್ ಒಂದೇ. ಕೆಪಾಸಿಟರಿಗೆ ಅವನು ಕಂಡೆನ್ಸರ್ ಅಂತಲೇ ಹೇಳೋದು. ಮುಳ್ಳು ಹಾರಿ ವಾಪಸ್ ಬಂದರೆ ಕಂಡೆನ್ಸರ್ ಸರಿ ಇದೆ, ಅಷ್ಟೇ ಅವನ ಪರೀಕ್ಷೆ.

ನನಗೆ ನಂಬರ್ ಬೇಕಿತ್ತು. ಎಷ್ಟು ಮೈಕ್ರೋಫ್ಯಾರಡ್ ಅಂತ ಪರದೆಯ ಮೇಲೆ ಕಾಣಬೇಕಿತ್ತು.

ಮಾವನಿಗೆ ಫೋನ್ ಮಾಡಿ ಯಾವ ಮೀಟರ್ ತಗೊಳ್ಳಲಿ ಅಂತ ಕೇಳಿದೆ.

"ಯಾವುದಾದ್ರೂ ತಗ ಕೂಸೆ" ಅಂದ. "ಮೊದ್ಲು ಬಲ್ಬಿನ ವೈರ್ ತಾಗ್ಸಿ ಕಂಡೆನ್ಸರ್ ಖಾಲಿ ಮಾಡವು. ಆಮೇಲೆ ಮೀಟರ್ ಹಿಡಿ."

ಅದು ದೊಡ್ಡ ಟಿವಿ ಬಿಚ್ಚೋರಿಗೆ ಹೇಳೋ ಮಾತು ಅಂದ್ಕೊಂಡೆ ನಾನು.

ಹುಬ್ಬಳ್ಳಿಯ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಸಾದಾ ಮಲ್ಟಿಮೀಟರು, ಅದರಲ್ಲಿ ಸಣ್ಣ ಕೆಪಾಸಿಟರ್ ಅಳೆಯೋಕೆ ಒಂದು ಮೂಲೆ. ಇನ್ನೊಂದು ಕೆಪಾಸಿಟರ್‌ಗೇ ಅಂತ ಮಾಡಿದ್ದು, ದೊಡ್ಡದನ್ನೂ ಅಳೀತದೆ. ಒಂದು ತಾಸು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ ಎರಡನೆಯದನ್ನೇ ತಂದೆ.

ಅಳೆಯೋ ವ್ಯಾಪ್ತಿ ಕೇಳಿದೆ, ಬ್ಯಾಟರಿ ಯಾವುದು ಅಂತ ಕೇಳಿದೆ. ಚಾರ್ಜ್ ಇರೋ ಕೆಪಾಸಿಟರ್ ಹಚ್ಚಿದರೆ ಏನಾಗ್ತದೆ ಅಂತ ಮಾತ್ರ ಕೇಳಲಿಲ್ಲ.

ಆ ವಾರವೇ ಖಾದರ್ ಭಾಯಿ ಕ್ಯಾಮೆರಾದ ಕೆಟ್ಟ ಫ್ಲಾಶ್‌ಗನ್ ಒಂದನ್ನ ಶಾಲೆಗೆ ಅಂತ ಕೊಟ್ಟಿದ್ದರು, ಮಕ್ಕಳು ಬಿಚ್ಚಿ ನೋಡಲಿ ಅಂತ. ಶನಿವಾರ ಶಾಲೆ ಬಿಟ್ಟ ಮೇಲೆ ಅವರೇ ನಮ್ಮ ಮನೆಗೆ ಇನ್ನೊಂದು ತಂದರು. ಮರುದಿನ ಬನವಾಸಿಯಲ್ಲಿ ಮದುವೆ ಫೋಟೋ ಇದೆ, ಇದು ಮಿಂಚ್ತಾ ಇಲ್ಲ ಅಂತ.

"ಸೆಲ್ ತೆಗೆದು ಮೂರು ದಿನ ಆಯ್ತು ಅಕ್ಕೋರೇ, ಏನೂ ಆಗೋದಿಲ್ಲ" ಅಂದರು. ನಾನೂ ಹೌದಲ್ಲ ಅಂದೆ.

ಮುಚ್ಚಳ ಬಿಚ್ಚಿದೆ. ಮೀಟರಿನ ಕಡ್ಡಿ ಜಾರಬಾರದು ಅಂತ ಎರಡೂ ಕೈಬೆರಳಲ್ಲಿ ಲೋಹದ ತುದಿಯನ್ನೇ ಕೆಪಾಸಿಟರಿನ ಎರಡು ಕಾಲಿಗೆ ಒತ್ತಿ ಹಿಡಿದೆ...

ಖಾದರ್ ಭಾಯಿ ಸ್ಕೂಟರಿನಲ್ಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋದರು. ಡಾಕ್ಟರು ಎದೆ ಕೇಳಿಸಿಕೊಂಡರು, ಇಸಿಜಿ ತೆಗೆದರು. ಬೆರಳ ತುದಿಯಲ್ಲಿ ಎಳ್ಳಿನಷ್ಟು ಬಿಳೀ ಸುಟ್ಟ ಕಲೆ, ಬೇರೆ ಏನೂ ಇಲ್ಲ.

"ಕರೆಂಟು ಈ ಕೈಯಿಂದ ಆ ಕೈಗೆ ಹೋಗಿದೆ. ನಡುವೆ ಏನಿದೆ ಗೊತ್ತಲ್ಲ? ನೀವೇ ಸೈನ್ಸ್ ಟೀಚರ್" ಅಂದರು.

ಗೊತ್ತಿತ್ತು. ಆದರೆ ಆ ಕ್ಷಣ ನನಗೆ ನನ್ನ ಎದೆ ನೆನಪಾಗಲಿಲ್ಲ.

ಶಾಲೆಯ ಫ್ಲಾಶ್‌ಗನ್ ನೆನಪಾಯ್ತು.

ಅದರ ಮುಚ್ಚಳವನ್ನ ನಾನೇ ಬಿಚ್ಚಿ ಲ್ಯಾಬಿನ ಮೇಜಿನ ಮೇಲೆ ಇಟ್ಟಿದ್ದೆ. ವಿಜ್ಞಾನ ಮೇಳದ ಚಾರ್ಟ್ ಬರೀತೇವೆ ಅಂದ ಇಬ್ಬರು ಹುಡುಗಿಯರಿಗೆ ಬೀಗದ ಕೈಯನ್ನೂ ಕೊಟ್ಟು ಬಂದಿದ್ದೆ. ಬೋರ್ಡಿನ ಮೇಲೆ ನನ್ನದೇ ಅಕ್ಷರದಲ್ಲಿ ಬರೆದಿದ್ದೆ... 'ಮುಟ್ಟಿ ನೋಡಿ, ಕಲಿಯಿರಿ.'

ಬೇಗ ಶಾಲೆಗೆ ಬಿಡಿ ಅಂತ ಖಾದರ್ ಭಾಯಿಗೆ ಹೇಳಿ ಸ್ಕೂಟರ್ ಹತ್ತಿದೆ.

ಲ್ಯಾಬಿನ ಬಾಗಿಲಲ್ಲಿ ನಿಂತಾಗ ನಾಗವೇಣಿ ಆ ಫ್ಲಾಶ್‌ಗನ್ನನ್ನ ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಬೆರಳು ಒಳಗೆ ಹೋಗ್ತಾ ಇದೆ. ಪಕ್ಕದಲ್ಲಿ ಶಶಿಕಲಾ ಪುಸ್ತಕದ ಚಿತ್ರ ನೋಡಿ "ಆ ಉದ್ದ ಡಬ್ಬಿ, ಅದೇ ಕೆಪಾಸಿಟರ್" ಅಂತ ತೋರಿಸ್ತಿದ್ದಾಳೆ.

"ಮುಟ್ಟಡಾ!"

ಮುಟ್ಟಬೇಡ ಅನ್ನೋದು ಮನೆಮಾತಿನಲ್ಲೇ ಬಂದುಬಿಟ್ಟಿತ್ತು. ಶಾಲೆಯಲ್ಲಿ ನಾನು ಯಾವತ್ತೂ ಅದನ್ನ ಆಡಿದವಳಲ್ಲ. ಹುಡುಗಿಯರು ಒಂದು ಗಳಿಗೆ ಬೆಚ್ಚಿ, ಆಮೇಲೆ ನಕ್ಕೇಬಿಟ್ಟರು. ನನ್ನ ಮುಖ ಸರಿಯಾಗಿ ನೋಡಿದ ಮೇಲೆ ನಗು ನಿಂತಿತು. ನಾಗವೇಣಿ ಅದನ್ನ ಮೆಲ್ಲಗೆ ಮೇಜಿನ ಮೇಲಿಟ್ಟು ಹಿಂದೆ ಸರಿದಳು.

ಲ್ಯಾಬಿನಲ್ಲಿ ಹೋಲ್ಡರಿಗೆ ಹಾಕಿದ ಬಲ್ಬ್ ಒಂದಿತ್ತು. ಅದರ ಎರಡು ವೈರನ್ನ, ಮೇಲಿನ ಪ್ಲಾಸ್ಟಿಕ್ಕಿನಲ್ಲೇ ಹಿಡಿದು, ಡಬ್ಬಿಯ ಎರಡು ಕಾಲಿಗೆ ತಾಗಿಸಿದೆ. ಎರಡು ಸಲ ವೈರ್ ಜಾರಿತು.

ಮೂರನೇ ಸಲ ಬಲ್ಬ್ ಮಿಣಕ್ ಅಂದು ಆರಿತು.

ಸೆಲ್ಲೇ ಇಲ್ಲದ, ಕೆಟ್ಟುಹೋಗಿದೆ ಅಂತ ಕೊಟ್ಟ ಫ್ಲಾಶ್‌ಗನ್ನು! ನಾಲ್ಕು ದಿನದಿಂದ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಅಷ್ಟು ದಿನವೂ ಒಳಗೆ ಕರೆಂಟು ಕೂತೇ ಇತ್ತು.

ಖಾದರ್ ಭಾಯಿ ಅಲ್ಲೇ ಬೆಂಚಿನ ಮೇಲೆ ಕೂತರು. "ನಾನು ಇದನ್ನ ಮೊಮ್ಮಗಳಿಗೆ ಆಡೋಕೆ ಕೊಡೋನಿದ್ದೆ ಅಕ್ಕೋರೇ" ಅಂದರು.

"ನಿಮಗೆ ಹೇಗೆ ಗೊತ್ತಾಯ್ತು ಟೀಚರ್, ಇದ್ರಲ್ಲಿ ಶಾಕ್ ಇದೆ ಅಂತ?" ಶಶಿಕಲಾ ಕೇಳಿದಳು.

ಬೆರಳು ತೋರಿಸಿದೆ. ಇವತ್ತು ಮಧ್ಯಾಹ್ನ ಗೊತ್ತಾಯ್ತು, ಅಲ್ಲಿವರೆಗೆ ನನಗೂ ಗೊತ್ತಿರಲಿಲ್ಲ ಅಂತ ಹೇಳಿದೆ. ಬೋರ್ಡಿನ ಮೇಲಿನ ಸಾಲನ್ನ ಅಂಗೈಯಿಂದಲೇ ಒರೆಸಿದೆ.

ಖಾದರ್ ಭಾಯಿ ಸಿದ್ದಾಪುರದ ಗೆಳೆಯನಿಂದ ಬೇರೆ ಫ್ಲಾಶ್ ತಂದು ಮದುವೆ ಮುಗಿಸಿದರು.

ಆ ಚಾರ್ಜಿಗೆ ಸತ್ತ ನನ್ನ ಹೊಸ ಮೀಟರ್ ಮತ್ತೆ ಜೀವ ಹಿಡಿಯಲಿಲ್ಲ. ಮುಂದಿನ ಸಲ ಮಾವನನ್ನೂ ಹುಬ್ಬಳ್ಳಿಗೆ ಕರ್ಕೊಂಡು ಹೋದೆ. ತಪ್ಪಿ ಚಾರ್ಜ್ ತಾಗಿದರೂ ತಡೆಯೋ ಫ್ಯೂಸ್ ಇರೋ ಮೀಟರ್ ಒಂದಿದೆ ಅಂದರು ಅಂಗಡಿಯವರು. ಅದನ್ನೇ ತಗೊಂಡೆವು.

"ಇದು ಮೀಟರ್ ಉಳಿಸ್ತು, ನಿನ್ನ ಉಳಿಸ್ತಿಲ್ಲೆ" ಅಂದ ಮಾವ, ಬಸ್ಸಿನಲ್ಲಿ ಕೂತ ಮೇಲೆ.

ನಿಮ್ಮಲ್ಲಿ ಟೀಚರ್‌ಗಳು ಇದ್ದರೆ ಕೇಳ್ತೇನೆ... ಮಕ್ಕಳ ಕೈಗೆ ಏನಾದರೂ ಕೊಟ್ಟು ಮನೆಗೆ ಬಂದಮೇಲೆ, ನಿಮಗೂ ಹೀಗೆ ಎದೆ ಧಸಕ್ ಅಂದದ್ದು ಇದೆಯಾ?