ಜವರಪ್ಪನವರು ಹೇಳುವ ಅರ್ಥ

ಸೂಲಿಬೆಲೆಯ ಭಜನೆಮನೆಯಲ್ಲಿ ಹಳೆಯ ಕಾವ್ಯವನ್ನು ಯಾರೇ ಓದಲಿ, ಅರ್ಥ ಹೇಳುವವರು ಮಾತ್ರ ಜವರಪ್ಪನವರೇ. ಕಾವ್ಯದ ರಥ ಅವರ ಬಾಯಲ್ಲಿ ಮೊದಲು ಎತ್ತಿನ ಗಾಡಿಯಾಗಿತ್ತು, ಆಮೇಲೆ ಕೆಂಪು ಬಸ್ಸಾಯಿತು, ಈಗ ಏರ್‌ಪೋರ್ಟ್ ಕ್ಯಾಬು. ರಾಕ್ಷಸರ ಕೋಟೆಗೆ ಸಿಸಿಟಿವಿ ಬಂದಿದೆ. ಋಷಿಗಳ ಆಶ್ರಮವಂತೂ ಹೋದ ವರ್ಷವೇ ಲೇಔಟ್ ಆಯಿತು. ಯಾರಾದರೂ ನಕ್ಕರೆ, "ಕವಿ ಇವತ್ತು ಇದ್ದಿದ್ರೆ ಇದನ್ನೇ ಬರೀತಿದ್ದ, ಸುಮ್ನೆ ಕೇಳ್ರಪ್ಪಾ" ಎಂದು ಗದರುತ್ತಾರೆ. ಊರವರ ಮಾತಿಗೆ ಅಂಜಿ ರಾಜ ಬಸುರಿ ರಾಣಿಯನ್ನು ಕಾಡಿಗಟ್ಟುವ ಪದ್ಯಕ್ಕೆ ಮಾತ್ರ ಅವರ ಅರ್ಥ ಎಂದೂ ಬದಲಾದದ್ದಿಲ್ಲ: "ಅದು ರಾಜಧರ್ಮ, ಪ್ರಶ್ನೆ ಕೇಳಂಗಿಲ್ಲ." ಈ ಸಲ, ಗಂಡನ ಮನೆಯವರು ಹೊರಹಾಕಿದ ಅವರ ಮಗಳು ಹರ್ಷಿತ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆ ಪದ್ಯ ಮುಗಿಯಿತು. ಜವರಪ್ಪನವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಆ ರಾಣಿಗೊಬ್ಬ ಅಪ್ಪ ಇದ್ನಲ್ರಪ್ಪಾ," ಎಂದರು, "ಅವನೆಲ್ಲಿ ಹಾಳಾಗಿ ಹೋಗಿದ್ದ?"